ಆರೈಕೆ ಮಾಡುವವರ ಬಳಲಿಕೆ

ಕರಾವಳಿಯಿಂದ ಬಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ನೆಲಸಿದ ಕುಟುಂಬವೊಂದನ್ನು ಕಲ್ಪಿಸಿಕೊಳ್ಳಬಹುದು. ಒಂದೇ ಕೋಣೆಯ ಮನೆಯಲ್ಲಿ ಮರೆವಿನ ಕಾಯಿಲೆಯ ಅತ್ತೆಯನ್ನು ನೋಡಿಕೊಳ್ಳುವ ಸೊಸೆಗೆ ಮರೆಯಲ್ಲಿ ಅಳುವುದಕ್ಕೂ ಸ್ಥಳವಿಲ್ಲ. ಉಂಡು ಕೈತೊಳೆದ ಕೂಡಲೇ ‘ಊಟ ಹಾಕಲಿಲ್ಲ’ ಎಂದು ಅತ್ತೆ ನೆರೆಯವರಲ್ಲಿ ದೂರುವುದುಂಟು. ಅದು ರೋಗದ ಲಕ್ಷಣವೇ ಹೊರತು ಹಗೆತನವಲ್ಲ. ಆಗ ಸೊಸೆಗೆ ಬರುವ ಸಿಟ್ಟು ಕೂಡ ದುಷ್ಟತನವಲ್ಲ. ಅನೇಕ ರಾತ್ರಿ ನಿದ್ದೆಗೆಟ್ಟ ದೇಹದ ಬಳಲಿಕೆ. ಮನೆಯ ಗಂಡಸರು ಸರದಿಯಂತೆ ರಾತ್ರಿ ಎಚ್ಚರವಿದ್ದರೆ ಅದೇ ಅರ್ಧ ಔಷಧಿ.

ಕೇಂದ್ರ ಆರೋಗ್ಯ ಸಚಿವಾಲಯವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು. ಅಲ್ಲಿ ಲಭ್ಯವಿರುವ ಭಾಷೆಗಳಲ್ಲಿ ಕನ್ನಡವೂ ಒಂದು. ಮರಾಠಿ, ಹಿಂದಿ ಬಲ್ಲವರಿಗೂ ದುಃಖ ಹೇಳಿಕೊಳ್ಳಲು ಬಲ್ಲ ನುಡಿಗಿಂತ ಬಳಸಿ ಬೆಳೆದ ನುಡಿಯೇ ಹಿತ. ಅತ್ತೆ ನಿದ್ರಿಸುವ ಹೊತ್ತಿನಲ್ಲಿ, ಕಟ್ಟಡದ ಮೆಟ್ಟಿಲ ಮೇಲೆ ಕುಳಿತೂ ಮಾತನಾಡಬಹುದು.