ಹಿತ್ತಲ ಬಾತುಕೋಳಿ ಹಿಂಡಿನಲ್ಲಿ ಕಾಟ ಕೊಡುವ ಗಂಡು ಬಾತಿನ ನಿರ್ವಹಣೆ

ಹಿತ್ತಲಲ್ಲಿ ಸಾಕಬಹುದಾದ ಪಕ್ಷಿಗಳಲ್ಲಿ ಬಾತುಕೋಳಿಯು ಸಾಧುಸ್ವಭಾವಕ್ಕೆ ಹೆಸರಾದುದು. 2019ರ ಜಾನುವಾರು ಗಣತಿಯ ಪ್ರಕಾರ ನಮ್ಮ ದೇಶದಲ್ಲಿ 3 ಕೋಟಿಗೂ ಹೆಚ್ಚು ಬಾತುಗಳಿದ್ದವು. ಹೈದರಾಬಾದಿನ ರಾಜೇಂದ್ರನಗರದಲ್ಲಿರುವ ಕೋಳಿ ಸಂಶೋಧನಾ ನಿರ್ದೇಶನಾಲಯವು 1988ರಲ್ಲಿ ಆರಂಭವಾಯಿತು. ಅಲ್ಲಿ ರೂಪುಗೊಂಡ ವನರಾಜ ಮತ್ತು ಗ್ರಾಮಪ್ರಿಯ ಕೋಳಿಗಳು ಹಿತ್ತಲ ಸಾಕಣೆಗೆ ಹೆಸರಾಗಿವೆ. ಇಂತಹ ಕೋಳಿಗಳ ಜೊತೆಗೆ ನಾಲ್ಕಾರು ಬಾತುಗಳನ್ನೂ ಸಾಕಬಯಸುವವರು ಮೊದಲೇ ತಿಳಿದಿರಬೇಕಾದ ವಿಷಯವೊಂದಿದೆ. ಮರಿಯಾಗಿದ್ದಾಗ ಸೌಮ್ಯವಾಗಿದ್ದ ಗಂಡು ಬಾತು ಪ್ರಾಯಕ್ಕೆ ಬಂದಾಗ ಹೆಣ್ಣುಗಳನ್ನು ಗಾಯಗೊಳಿಸಬಹುದು, ಕೋಳಿಗಳನ್ನು ಅಟ್ಟಾಡಿಸಬಹುದು, ಮಕ್ಕಳನ್ನು ಕಚ್ಚಲು ಬರಬಹುದು. ಇದಕ್ಕೆ ಬಹುಮಟ್ಟಿಗೆ ಹಿಂಡಿನ ರಚನೆಯೇ ಕಾರಣ. ಪರಿಹಾರವೂ ಅಲ್ಲಿಂದಲೇ ಆರಂಭವಾಗತಕ್ಕದ್ದು.

ಗಂಡು ಬಾತನ್ನು ಗುರುತಿಸುವುದು

ಸುಮಾರು ಎರಡು ತಿಂಗಳ ವಯಸ್ಸಿನ ಹೊತ್ತಿಗೆ ಧ್ವನಿಯಿಂದಲೇ ಲಿಂಗಭೇದವನ್ನು ತಿಳಿಯಬಹುದು. ಹೆಣ್ಣು ಬಾತು ಗಟ್ಟಿಯಾಗಿ ಕೂಗುತ್ತದೆ; ಗಂಡಿನ ಧ್ವನಿ ಗಂಟಲು ಕಟ್ಟಿದಂತೆ ಮೆಲ್ಲನೆ ಹೊರಡುತ್ತದೆ. ಪ್ರಾಯದ ಗಂಡಿನ ಬಾಲದ ಮೇಲೆ ಸುರುಳಿಯಾಗಿ ಮೇಲಕ್ಕೆ ಬಾಗಿದ ಗರಿಗಳಿರುತ್ತವೆ. ಮಸ್ಕೋವಿ ತಳಿಯಲ್ಲಿ ಮಾತ್ರ ಈ ಸುರುಳಿ ಗರಿ ಇರುವುದಿಲ್ಲ. ಅದರ ಗಂಡು ಹೆಣ್ಣಿಗಿಂತ ಬಹಳ ದೊಡ್ಡದಾಗಿದ್ದು, ಮುಖದ ಮೇಲೆ ಕೆಂಪು ಗಂಟುಗಳು ಎದ್ದು ಕಾಣುತ್ತವೆ.

ಕಾಟಕ್ಕೆ ಕಾರಣಗಳು

ಮೊದಲನೆಯ ಕಾರಣ ಗಂಡುಗಳ ಸಂಖ್ಯೆ. ಲಿಂಗ ವಿಂಗಡಣೆ ಮಾಡದ 10 ಮರಿಗಳನ್ನು ಕೊಂಡುತಂದರೆ ಅವುಗಳಲ್ಲಿ ಸರಿಸುಮಾರು ಅರ್ಧದಷ್ಟು ಗಂಡುಗಳೇ ಆಗಿರುತ್ತವೆ. ನಾಲ್ಕೈದು ತಿಂಗಳ ನಂತರ ಐದು ಗಂಡುಗಳು ಐದೇ ಹೆಣ್ಣುಗಳಿಗಾಗಿ ಸೆಣಸತೊಡಗುತ್ತವೆ. ಮೊಟ್ಟೆಗೆಂದು ಸಾಕುವ ಖಾಕಿ ಕ್ಯಾಂಪ್‌ಬೆಲ್‌ನಂತಹ ತಳಿಗಳಲ್ಲಿ 6ರಿಂದ 7 ಹೆಣ್ಣುಗಳಿಗೆ ಒಂದು ಗಂಡು ಸಾಕು. ಮಾಂಸಕ್ಕೆಂದು ಸಾಕುವ ದಪ್ಪ ತಳಿಗಳಲ್ಲಿ 4ರಿಂದ 5 ಹೆಣ್ಣುಗಳಿಗೆ ಒಂದರಂತೆ ಇರಿಸಬಹುದು. ಕೇವಲ ಎರಡು ಮೂರು ಹೆಣ್ಣುಗಳಿರುವ ಹಿಂಡಿನಲ್ಲಿ ಒಂದು ಗಂಡೂ ಹೆಚ್ಚಾಗಬಹುದು.

ಎರಡನೆಯ ಕಾರಣ ಋತು. ಹಗಲಿನ ಅವಧಿ ಹೆಚ್ಚುತ್ತಾ ಹೋದಂತೆ ಗಂಡಿನ ದೇಹದಲ್ಲಿ ಪ್ರಜನನ ಹಾರ್ಮೋನುಗಳು ಹೆಚ್ಚಿ ಅದರ ಉದ್ರೇಕ ತೀವ್ರವಾಗುತ್ತದೆ. ಗರಿ ಉದುರುವ ಕಾಲದಲ್ಲಿ ಅದು ತಾನಾಗಿ ಶಾಂತವಾಗುವುದುಂಟು.

ಮೂರನೆಯ ಕಾರಣ ಸ್ಥಳ ಮತ್ತು ನೀರಿನ ಅಭಾವ. ಹೈದರಾಬಾದು, ಬೀದರ್, ಕಲಬುರಗಿಗಳಂತಹ ದಖ್ಖನಿನ ಊರುಗಳಲ್ಲಿ ಬೇಸಿಗೆಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಆಗ ಇಡೀ ಹಿಂಡು ಒಂದೇ ನೀರಿನ ತೊಟ್ಟಿಯ ಸುತ್ತ, ಒಂದೇ ನೆರಳಿನಲ್ಲಿ ಗುಂಪುಗೂಡುತ್ತದೆ. ದುರ್ಬಲವಾದುದಕ್ಕೆ ತಪ್ಪಿಸಿಕೊಳ್ಳಲು ಎಡೆಯಿರುವುದಿಲ್ಲ.

ಅಪಾಯದ ಲಕ್ಷಣಗಳು

ಕೂಡುವಾಗ ಗಂಡು ಬಾತು ಹೆಣ್ಣಿನ ಕತ್ತಿನ ಹಿಂಭಾಗವನ್ನು ಕೊಕ್ಕಿನಲ್ಲಿ ಹಿಡಿಯುವುದು ಸಹಜ. ಆದರೆ ಆ ಭಾಗದ ಗರಿಗಳು ಕಿತ್ತುಹೋಗಿ ಚರ್ಮ ಕಾಣುತ್ತಿದ್ದರೆ, ಕಣ್ಣಿನ ಸುತ್ತ ಗಾಯವಾಗಿದ್ದರೆ, ಹೆಣ್ಣು ಕುಂಟುತ್ತಿದ್ದರೆ ಅಥವಾ ಆಹಾರಕ್ಕೆ ಬರಲು ಹೆದರುತ್ತಿದ್ದರೆ ತಡಮಾಡದೆ ಕ್ರಮ ಕೈಗೊಳ್ಳಬೇಕು. ಹಲವು ಗಂಡುಗಳು ಒಂದೇ ಹೆಣ್ಣನ್ನು ನೀರಿನಲ್ಲಿ ಮುತ್ತಿದಾಗ ಅದು ಮುಳುಗಿ ಸಾಯುವ ಸಂಭವವೂ ಉಂಟು.

ಬಾತುಗಳೊಡನೆ ಹೇಂಟೆಗಳಿದ್ದರೆ ಇನ್ನೂ ಹೆಚ್ಚಿನ ಎಚ್ಚರಿಕೆ ಅಗತ್ಯ. ಗಂಡು ಬಾತಿಗೆ ಹುಂಜಕ್ಕಿಲ್ಲದ ಹೊರಚಾಚುವ ಜನನಾಂಗವಿರುವುದರಿಂದ, ಅದು ಹೇಂಟೆಯನ್ನು ಕೂಡಲೆತ್ನಿಸಿದರೆ ಹೇಂಟೆಗೆ ಒಳಗಾಯವಾಗಿ ಸಾವೂ ಸಂಭವಿಸಬಹುದು. ಆದಕಾರಣ ಪ್ರಾಯದ ಗಂಡು ಬಾತನ್ನು ಹೇಂಟೆಗಳ ಆವರಣದಲ್ಲಿ ಬಿಡಕೂಡದು.

ಕೈಗೊಳ್ಳಬೇಕಾದ ಕ್ರಮಗಳು

1. ಪ್ರತ್ಯೇಕಿಸುವುದು: ಕಾಟ ಕೊಡುವ ಗಂಡನ್ನು ಕೂಡಲೇ ತಂತಿ ಜಾಲರಿಯ ಬೇರೆ ಆವರಣಕ್ಕೆ ಸೇರಿಸಬೇಕು. ಹೆಚ್ಚುವರಿ ಗಂಡುಗಳು ಹಲವಿದ್ದರೆ ಎಲ್ಲವನ್ನೂ ಒಟ್ಟಿಗೆ ಇರಿಸಬಹುದು. ಹೆಣ್ಣುಗಳು ಕಣ್ಣಿಗೆ ಬೀಳದಿದ್ದರೆ ಅವು ಸಾಮಾನ್ಯವಾಗಿ ಹೊಂದಿಕೊಂಡು ಬಾಳುತ್ತವೆ. ಇದಕ್ಕಾಗಿ ನಡುವೆ ಚಾಪೆ ಅಥವಾ ಗೋಣಿತಟ್ಟಿನ ಮರೆ ಕಟ್ಟಬೇಕು.

2. ಸಂಖ್ಯೆಯನ್ನು ಸರಿಪಡಿಸುವುದು: ಮರಿ ಮಾಡಿಸುವ ಉದ್ದೇಶವಿಲ್ಲದವರಿಗೆ ಗಂಡು ಬಾತು ಅವಶ್ಯಕವೇ ಅಲ್ಲ. ಗಂಡಿಲ್ಲದಿದ್ದರೂ ಹೆಣ್ಣುಗಳು ಮೊಟ್ಟೆಯಿಡುತ್ತವೆ. ಆ ಮೊಟ್ಟೆಗಳಿಂದ ಮರಿ ಬಾರದೆಂಬುದನ್ನು ಬಿಟ್ಟರೆ ಆಹಾರವಾಗಿ ಯಾವ ಕೊರತೆಯೂ ಇಲ್ಲ.

3. ಸ್ಥಳ ಮತ್ತು ನೀರು ಒದಗಿಸುವುದು: ಪ್ರತಿ ಬಾತಿಗೆ ರಾತ್ರಿ ತಂಗಲು ಸುಮಾರು 3 ಚದರಡಿ, ಹಗಲು ತಿರುಗಾಡಲು 10ರಿಂದ 15 ಚದರಡಿ ಜಾಗವಿರಬೇಕು. ಆಹಾರವನ್ನೂ ನೀರನ್ನೂ ಎರಡು ಮೂರು ಕಡೆಗಳಲ್ಲಿ ಇಡಬೇಕು. ನೀರಿನ ಪಾತ್ರೆ ಕೊಕ್ಕು ಮತ್ತು ತಲೆ ಮುಳುಗುವಷ್ಟು ಆಳವಿರಲಿ. ಪೊದೆ, ಹಲಗೆ, ಬುಟ್ಟಿಗಳ ಮರೆಯಿದ್ದರೆ ಅಟ್ಟಿಸಿಕೊಂಡ ಹೆಣ್ಣು ಅಡಗಿಕೊಳ್ಳಲು ಅನುಕೂಲ.

4. ಗಾಯಗೊಂಡ ಹೆಣ್ಣಿನ ಆರೈಕೆ: ಅದನ್ನು ಬೇರೆಯಿರಿಸಿ, ಗಾಯವನ್ನು ಶುಚಿಗೊಳಿಸಿ, ನೊಣ ಮುತ್ತದಂತೆ ಕಾಪಾಡಬೇಕು. ಗರಿ ಮರಳಿ ಬರುವವರೆಗೆ ಗಂಡಿನೊಡನೆ ಸೇರಿಸಬಾರದು. ಕಣ್ಣಿಗೆ ಪೆಟ್ಟು ಬಿದ್ದಿದ್ದರೆ ಅಥವಾ ಗಾಯ ಆಳವಾಗಿದ್ದರೆ ಪಶುವೈದ್ಯರಲ್ಲಿಗೆ ಒಯ್ಯತಕ್ಕದ್ದು.

ಗಂಡನ್ನು ಕೆಲವು ದಿನಗಳ ನಂತರ ಹಿಂಡಿಗೆ ಸೇರಿಸಿದಾಗ ಮೊದಲ ದಿನ ಪೂರ್ತಿ ಗಮನವಿಡಬೇಕು. ಅದು ಹಳೆಯ ಚಾಳಿಯನ್ನೇ ತೋರಿದರೆ ಮತ್ತೆ ಪ್ರತ್ಯೇಕಿಸುವುದೇ ಸೂಕ್ತ.

ಮನುಷ್ಯರ ಮೇಲೆರಗುವ ಗಂಡು ಬಾತು

ಒಂಟಿಯಾಗಿ, ಮನೆಯವರ ಕೈಯಲ್ಲೇ ಬೆಳೆದ ಮರಿ ಮನುಷ್ಯರನ್ನೇ ತನ್ನ ಜಾತಿಯೆಂದು ಭಾವಿಸುವುದುಂಟು. ಪ್ರಾಯಕ್ಕೆ ಬಂದಾಗ ಅದು ಕಾಲು ಕಚ್ಚುವುದು, ರೆಕ್ಕೆಯಿಂದ ಬಡಿಯುವುದು ಮುಂತಾಗಿ ವರ್ತಿಸುತ್ತದೆ. ಆದ್ದರಿಂದ ಮರಿಗಳನ್ನು ಒಂಟಿಯಾಗಿ ಸಾಕದೆ ಜೊತೆಯಲ್ಲಿ ಸಾಕುವುದು ಲೇಸು. ಎರಗಿ ಬಂದಾಗ ಓಡಬಾರದು, ಒದೆಯಬಾರದು. ನಿಂತಲ್ಲೇ ನಿಂತು ಬಕೆಟ್ಟನ್ನೋ ಹಲಗೆಯನ್ನೋ ನಡುವೆ ಹಿಡಿಯಬೇಕು. ಬೇಕಾದರೆ ರೆಕ್ಕೆಗಳು ಮೈಗೆ ಒತ್ತಿರುವಂತೆ ಎರಡೂ ಕೈಗಳಿಂದ ಹಿಡಿದೆತ್ತಿ, ಕಂಕುಳಲ್ಲಿ ಇರಿಸಿಕೊಂಡು, ಶಾಂತವಾದ ಮೇಲೆ ಕೆಳಗಿಳಿಸಬೇಕು. ಬಾತಿನ ಕಾಲುಗಳು ನಾಜೂಕಾದವು. ಕಾಲು ಹಿಡಿದು ಎತ್ತಿದರೆ ಮುರಿಯಬಹುದು. ಚಿಕ್ಕ ಮಕ್ಕಳನ್ನು ಅದರ ಬಳಿ ಒಂಟಿಯಾಗಿ ಬಿಡಬಾರದು.

ಹೊಡೆತದಿಂದ ಪಕ್ಷಿಯ ಹೆದರಿಕೆ ಹೆಚ್ಚುತ್ತದೆಯೇ ಹೊರತು ಸ್ವಭಾವ ತಿದ್ದುವುದಿಲ್ಲ. ಪ್ರಾಣಿಗಳನ್ನು ಹಿಂಸಿಸುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆಯ ಪ್ರಕಾರ ಅಪರಾಧವೂ ಹೌದು.

ಹೆಚ್ಚುವರಿ ಗಂಡನ್ನು ಏನು ಮಾಡಬೇಕು?

ಹೆಚ್ಚು ಹೆಣ್ಣುಗಳಿರುವ ಹಿಂಡಿನವರಿಗೆ, ಪಕ್ಷಿಯ ಸ್ವಭಾವವನ್ನು ಮರೆಮಾಚದೆ ತಿಳಿಸಿ ಕೊಡಬಹುದು, ಮಾಂಸಕ್ಕಾಗಿ ಮಾರಲೂಬಹುದು. ಆದರೆ ಊರಿನ ಕೆರೆಗೆ ಬಿಡುವುದು ಸರ್ವಥಾ ಸಲ್ಲದು. ಸಾಕಿದ ಬಾತು ಅಲ್ಲಿ ನಾಯಿಗಳಿಗೆ ಸುಲಭವಾಗಿ ತುತ್ತಾಗುತ್ತದೆ. ಉಳಿದುಕೊಂಡರೆ ಕಾಡು ಬಾತುಗಳೊಡನೆ ಬೆರೆತು ಅವುಗಳ ತಳಿಶುದ್ಧಿ ಕೆಡಿಸಬಹುದು, ರೋಗವನ್ನೂ ಹರಡಬಹುದು.

ಹೊಸದಾಗಿ ಸಾಕಣೆಗೆ ತೊಡಗುವವರು ಮರಿ ಕೊಳ್ಳುವ ದಿನವೇ ಗಂಡುಗಳ ಲೆಕ್ಕವನ್ನು ಮನಸ್ಸಿನಲ್ಲಿಡಬೇಕು. ಸಾಧ್ಯವಾದರೆ ವಿಂಗಡಿಸಿದ ಹೆಣ್ಣು ಮರಿಗಳನ್ನೇ ಕೊಳ್ಳುವುದು, ಇಲ್ಲವೇ ನಾಲ್ಕು ತಿಂಗಳು ತುಂಬುವ ಮೊದಲೇ ಹೆಚ್ಚುವರಿ ಗಂಡುಗಳಿಗೆ ಬೇರೆ ವ್ಯವಸ್ಥೆ ಮಾಡುವುದು ಉತ್ತಮ. ಹೆಚ್ಚಿನ ಸಲಹೆಗಾಗಿ ಸಮೀಪದ ಪಶುವೈದ್ಯಕೀಯ ಆಸ್ಪತ್ರೆಯನ್ನು ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.