ಮೂರನೆಯ ಮೋಡದ ದಿನ

ದೊಡ್ಡನೆಕ್ಕುಂದಿ

ಚಿ. ಪುಟ್ಟಿಗೆ,

ಮಾರತ್ತಹಳ್ಳಿಯ ಅಂಗಡಿಯಿಂದ ನೀನು ಕಳಿಸಿದ ಫೋಟೊ ನೋಡಿದೆ. ಎರಡು ಬಾಗಿಲಿನ, ಆಳೆತ್ತರದ ಫ್ರಿಜ್. ‘ಚಿಂತಾಮಣಿ ತೋಟಕ್ಕೆ ಇದು ಆಗುತ್ತಾ?’ ಅಂತ ಕೇಳಿದ್ದೀಯ. ಕಂಬದ ಕರೆಂಟು ಬಾರದ ತೋಟದ ಮನೆ, ತಿಂಗಳಲ್ಲಿ ಹತ್ತು ದಿನ ವ್ಯಾನಿನಲ್ಲಿ ಊರೂರು ತಿರುಗಾಟ. ಹೀಗೆ ಹೊರಟವರು ನಮ್ಮ ಕಟ್ಟಡದಲ್ಲೇ ಇನ್ನೂ ಇಬ್ಬರಿದ್ದಾರೆ. ಅದಕ್ಕೇ ಫೋನಿನಲ್ಲಿ ಹೇಳಬೇಕಾದ್ದನ್ನು ಪತ್ರಿಕೆಗೆ ಬರೆಯುತ್ತಿದ್ದೇನೆ.

ಇಲ್ಲಿ ಕರೆಂಟು ಹೋದರೆ ಕೆರೆ ಸುತ್ತಲಿನ ಅಪಾರ್ಟ್‌ಮೆಂಟುಗಳ ಜನರೇಟರುಗಳು ಒಂದರ ಹಿಂದೆ ಒಂದು ಗುರ್ ಎನ್ನುತ್ತವೆ. ಲಿಫ್ಟಿನಲ್ಲಿದ್ದವರನ್ನು ಬಿಟ್ಟರೆ ಯಾರಿಗೂ ಗೊತ್ತೇ ಆಗುವುದಿಲ್ಲ. ಇಂಥ ಕಡೆ ಬೆಳೆದವಳಿಗೆ ತಂಪು ಕೂಡ ಅಕ್ಕಿ ಬೇಳೆಯಂತೆ ಖರ್ಚಾಗುವ ವಸ್ತು ಅಂತ ಹೊಳೆಯುವುದು ಕಷ್ಟ. ನನಗದು ಗೊತ್ತಾದದ್ದು ಎಎನ್‌ಎಂ ನರ್ಸ್ ಆಗಿ ಹಳ್ಳಿಗಳಲ್ಲಿ ಲಸಿಕೆ ಹಾಕುತ್ತಿದ್ದಾಗ.

ಆರೋಗ್ಯ ಕೇಂದ್ರದಲ್ಲಿ ಲಸಿಕೆ ಇಡುವ ಪೆಟ್ಟಿಗೆಗೆ ನಾವು ಐಎಲ್‌ಆರ್ ಅನ್ನುತ್ತೇವೆ. ಅದರ ಒಳಗೋಡೆಯ ಸುತ್ತ ನೀರು ತುಂಬಿದ ಪದರವಿರುತ್ತದೆ. ಕರೆಂಟಿದ್ದಾಗ ಆ ನೀರು ಗಡ್ಡೆ ಕಟ್ಟುತ್ತದೆ, ಕರೆಂಟು ಹೋದಾಗ ನಿಧಾನ ಕರಗುತ್ತಾ ಒಳಗನ್ನು 2ರಿಂದ 8 ಡಿಗ್ರಿಯಲ್ಲಿ ಕಾಯುತ್ತದೆ. 24 ಗಂಟೆಯಲ್ಲಿ 8 ಗಂಟೆ ಕರೆಂಟು ಸಿಕ್ಕರೆ ಅದಕ್ಕೆ ಸಾಕು. ಬಾಗಿಲಿರುವುದು ಮೇಲ್ಗಡೆ. ತಣ್ಣನೆಯ ಗಾಳಿ ಭಾರ, ಮುಚ್ಚಳ ಎತ್ತಿದರೂ ತೊಟ್ಟಿಯ ನೀರಿನಂತೆ ಅಲ್ಲೇ ನಿಂತಿರುತ್ತದೆ. ಬೀರುವಿನಂತೆ ಬಾಗಿಲು ತೆಗೆಯುವ ಫ್ರಿಜ್ಜಿನಲ್ಲಾದರೆ ಅದು ನಿನ್ನ ಪಾದದ ಮೇಲೆ ಸುರಿದು ಹೋಗುತ್ತದೆ.

ನನ್ನದೊಂದು ತಪ್ಪನ್ನೂ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ತಂಪು ಹೆಚ್ಚಿದಷ್ಟೂ ಒಳ್ಳೆಯದೆಂದು ಡಿಪಿಟಿ ಲಸಿಕೆಯ ಬಾಟಲಿಗಳನ್ನು ತಳಕ್ಕೆ ತಾಗಿಸಿ ಇಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಹೆಪ್ಪುಗಟ್ಟಿವೆ. ಕರಗಿಸಿ ಅಲ್ಲಾಡಿಸಿದರೆ ಒಳಗೆಲ್ಲ ಚೂರುಚೂರು. ಡಿಪಿಟಿ ಹೆಪ್ಪುಗಟ್ಟಿದರೆ ಮತ್ತೆ ಉಪಯೋಗಕ್ಕಿಲ್ಲ. ಅಷ್ಟನ್ನೂ ಎಸೆದೆವು. ಒಂದೇ ಪೆಟ್ಟಿಗೆಯೊಳಗೆ ತಳದ ಚಳಿ ಬೇರೆ, ಬಾಯಿಯ ಚಳಿ ಬೇರೆ ಎಂದು ಅವತ್ತು ಅರ್ಥವಾಯಿತು. ನಿನ್ನತ್ತೆಯ ಇನ್ಸುಲಿನ್ ಕೂಡ ಹಾಗೇ ಕಣಮ್ಮ, ಹೆಪ್ಪುಗಟ್ಟಿದರೆ ಕೆಟ್ಟಂತೆಯೇ. ತಳಕ್ಕೆ, ಗೋಡೆಗೆ ತಾಗಿಸಬೇಡ.

ಈಗ ಲೆಕ್ಕಕ್ಕೆ ಬಾ. ಅಂಗಡಿಯವರು ಲೀಟರಿನಿಂದ ಶುರುಮಾಡುತ್ತಾರೆ. ನೀನು ಮೂರು ದಿನ ಬಿಸಿಲೇ ಕಾಣದ ಮಳೆಗಾಲದಿಂದ ಶುರುಮಾಡು. ಫ್ರಿಜ್ಜಿಗೆ ಅಂಟಿಸಿದ ಸ್ಟಾರ್ ಚೀಟಿಯಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂದಿರುತ್ತದೆ. 150 ಅಂತಿದ್ದರೆ ದಿನಕ್ಕೆ ಸುಮಾರು 400 ವ್ಯಾಟ್-ಅವರ್. ತಗಡಿನ ಮಾಡಿನ ಸೆಕೆಯಲ್ಲಿ ಇನ್ನೂ ಜಾಸ್ತಿ. ಮನೆಯ ಫ್ರಿಜ್ಜಿಗೆ ಇನ್ವರ್ಟರ್ ಬೇಕೇ ಬೇಕು. ಅದು ಸುಮ್ಮನೆ ಕೂತಿದ್ದೇ 15 ವ್ಯಾಟ್ ನುಂಗುವಂಥದ್ದಾದರೆ ದಿನಕ್ಕೆ 360. ಆಳು ಉಣ್ಣುವಷ್ಟನ್ನೇ ಅವನ ಚೀಲ ಹೊರುವವನೂ ಉಂಡಂತಾಯಿತು! 12 ವೋಲ್ಟಿನ 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿಯಲ್ಲಿರುವುದು 1800 ವ್ಯಾಟ್-ಅವರ್. ಲೆಡ್-ಆಸಿಡ್ ಆದರೆ ಬಾಳಿಕೆಗಾಗಿ ಅರ್ಧ ಮಾತ್ರ ಬಳಸಬೇಕು, ಅಂದರೆ 900. ಮೋಡದ ಎರಡನೆಯ ದಿನ ಬೆಳಗಾಗುವಷ್ಟರಲ್ಲೇ ಮುಗಿಯಿತು.

ಅದರ ಬದಲು ನೇರ 12 ವೋಲ್ಟಿನಲ್ಲಿ ಓಡುವ, ಮೇಲೆ ಬಾಗಿಲಿರುವ, 40–50 ಲೀಟರಿನ ಕಂಪ್ರೆಸರ್ ಪೆಟ್ಟಿಗೆ ತಗೋ. ಇನ್ವರ್ಟರಿನ ಊಟ ಉಳಿಯುತ್ತದೆ. ಅದಕ್ಕೂ ದಿನಕ್ಕೆ 400 ಅಂತಲೇ ಹಿಡಿ. ಅದೇ ಅಳತೆಯ ಲಿಥಿಯಂ ಬ್ಯಾಟರಿಯಲ್ಲಿ ನೂರಕ್ಕೆ 80 ಬಳಸಬಹುದು. ಪೆಟ್ಟಿಗೆಯ ಮೂರು ದಿನದ 1200 ಕಳೆದು ಎರಡು ದೀಪಕ್ಕೂ ಉಳಿಯುತ್ತದೆ. ನಾಲ್ಕನೆಯ ದಿನ ಬಿಸಿಲು ಬಂದಾಗ ತುಂಬಿಸಲು 330 ವ್ಯಾಟಿನ ಎರಡು ಪ್ಯಾನೆಲ್ ಇರಲಿ. ಮುಖ್ಯವಾಗಿ, ಇದೇ ಪೆಟ್ಟಿಗೆ ಎತ್ತಿ ವ್ಯಾನಿಗಿಟ್ಟರೆ ಪ್ರಯಾಣಕ್ಕೂ ಆಯಿತು.

ಮೂರು ಬಗೆಯದನ್ನು ಮಾತ್ರ ತರಬೇಡ. ಫ್ರಾಸ್ಟ್-ಫ್ರೀ ಬೇಡ, ಕಟ್ಟಿದ ಮಂಜು ಕರಗಿಸಲು ಅದರೊಳಗೆ ಹೀಟರ್ ಇರುತ್ತದೆ. ಕಂಪ್ರೆಸರ್ ಇಲ್ಲದ ಅಗ್ಗದ ಕಾರ್ ಕೂಲರ್ ಬೇಡ. ಅದು ಹೊರಗಿನ ಬಿಸಿಗಿಂತ ಹೆಚ್ಚೆಂದರೆ 20 ಡಿಗ್ರಿ ಇಳಿಸೀತು. ಹೊರಗೆ 36 ಇದ್ದರೆ ಒಳಗೆ 16, ಹಾಲು ಒಡೆಯಲು ಅಷ್ಟು ಸಾಕು. ಗ್ಯಾಸಿನ ಫ್ರಿಜ್ಜಿಗೆ ಉರಿ ಬೇಕು, ಸಮತಟ್ಟು ನೆಲ ಬೇಕು. ಮಲಗುವ ವ್ಯಾನಿನಲ್ಲಿ ಅದರ ಸಹವಾಸವೇ ಬೇಡ.

ಇನ್ನು ಪ್ರಯಾಣ. ಲಸಿಕೆ ದಿನ ತಂಪು ಕಾಯುವ ಕ್ಯಾರಿಯರ್ ಪೆಟ್ಟಿಗೆ ಹೆಗಲಿಗೆ ಹಾಕಿ ಬಸ್ಸು ಹತ್ತುತ್ತಿದ್ದೆ. ಸುತ್ತ ನಾಲ್ಕು ಐಸ್ ಪ್ಯಾಕ್, ನಡುವೆ ಲಸಿಕೆ. ಫ್ರೀಜರಿನಿಂದ ತೆಗೆದ ಪ್ಯಾಕನ್ನು ಹಾಗೇ ಇಡುವಂತಿರಲಿಲ್ಲ. ಮೇಜಿನ ಮೇಲೆ ಬಿಟ್ಟು, ಮೈ ಬೆವರಿದ ಮೇಲೆ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗೆ ನೀರು ಗುಳುಗುಳು ಅಂದರೆ ಹೊರಡಲು ಅನುಮತಿ ಸಿಕ್ಕಿತು ಅಂತ. ನೀನೂ ಎರಡು ಖಾನೆಯ ಪೆಟ್ಟಿಗೆ ಆರಿಸಿ, ಚಿಕ್ಕದರಲ್ಲಿ ಮಟಮಟ ಮಧ್ಯಾಹ್ನ, ಬ್ಯಾಟರಿ ತುಂಬಿ ಬಿಸಿಲು ಪೋಲಾಗುವ ಹೊತ್ತಿಗೆ, ನೀರಿನ ಬಾಟಲಿ ಗಡ್ಡೆ ಕಟ್ಟಿಸು. ಕತ್ತಿನವರೆಗೆ ತುಂಬಬೇಡ, ಗಡ್ಡೆ ಹಿಗ್ಗುತ್ತದೆ. ಸಂಜೆ ಅದೇ ಗುಳುಗುಳು ಕೇಳಿಸಿಕೊಂಡು ದೊಡ್ಡ ಖಾನೆಗೆ ಎತ್ತಿಡು. ಒಂದು ಕಿಲೋ ಗಡ್ಡೆ ಕರಗುವಾಗ ಹೀರುವ ಶಾಖದಲ್ಲಿ ಸೊನ್ನೆ ಡಿಗ್ರಿಯ ಅಷ್ಟೇ ನೀರನ್ನು 80 ಡಿಗ್ರಿಗೆ ಕಾಯಿಸಬಹುದು. ಈಗ ಬ್ಯಾಟರಿಯೇ ಇಲ್ಲದ ಸೋಲಾರ್ ಲಸಿಕೆ ಫ್ರಿಜ್ಜುಗಳು ಬಂದಿವೆ. ಹಗಲು ಗಡ್ಡೆ ಕಟ್ಟಿ ರಾತ್ರಿ ಕಳೆಯುವುದೇ ಅವುಗಳ ಕಸುಬು.

ಒಳಗೆ ಏನಿಡಬೇಕೆಂಬುದರಲ್ಲೂ ಜಿಪುಣಿಯಾಗು. ನಂದಿನಿ ಗುಡ್‌ಲೈಫ್ ಹಾಲು ಪ್ಯಾಕೆಟ್ ಕತ್ತರಿಸುವ ತನಕ ಹೊರಗೇ ಇರುತ್ತದೆ. ಹುರಿಹಿಟ್ಟು, ಉಪ್ಪಿನಕಾಯಿ, ತೊಕ್ಕಿಗೆ ಫ್ರಿಜ್ಜಿನ ಹಂಗಿಲ್ಲ. ಸೊಪ್ಪು ತೋಟದಲ್ಲೇ ಇದೆ. ಬಿಸಿ ಸಾರು ಮಾತ್ರ ತಂದು ಅದರೊಳಗಿಡಬೇಡ.

ದುಡ್ಡು ಕೊಡುವ ಮುಂಚೆ ಒಮ್ಮೆ ಬಂದು ಹೋಗು. ಐಎಲ್‌ಆರ್ ಒಳಗೆ ಇಡುತ್ತಿದ್ದಂಥದ್ದೇ ಗುಂಡನೆಯ ಥರ್ಮಾಮೀಟರ್ ಒಂದು ನನ್ನ ಬಳಿ ಇದೆ. ನಾವು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನೋಡಿ ಬರೆದಿಡುತ್ತಿದ್ದೆವು, ಭಾನುವಾರವೂ ಬಿಡದೆ. ಹೊಸ ಪೆಟ್ಟಿಗೆಗೆ ಅದನ್ನು ಹಾಕಿ ಹದಿನೈದು ದಿನ ಇಲ್ಲೇ ನಮ್ಮ ಬಾಲ್ಕನಿಯಲ್ಲಿ, ಬರೀ ಪ್ಯಾನೆಲ್, ಬ್ಯಾಟರಿಯ ಮೇಲೆ ಓಡಿಸಿ ನೋಡೋಣ. ಸಂಜೆಯ ಅಂಕಿ ಬರೆಯುವುದು ನನ್ನ ಪಾಲಿಗಿರಲಿ.

ಇಂತಿ,
ನಿನ್ನ ದೊಡ್ಡಮ್ಮ