ಅನಿರೀಕ್ಷಿತ ಶಬ್ದ ಮತ್ತು ಏಕಾಗ್ರತೆ

ಕಣ್ಣಿಗೆ ರೆಪ್ಪೆಯಿದೆ, ಕಿವಿಗೆ ಅಂತಹ ಮುಚ್ಚಳವಿಲ್ಲ. ಮನುಷ್ಯನು ಓದುತ್ತಿರಲಿ, ನಿದ್ರಿಸುತ್ತಿರಲಿ, ಸುತ್ತಲಿನ ಶಬ್ದಗಳು ಅವನ ಶ್ರವಣೇಂದ್ರಿಯವನ್ನು ತಲುಪುತ್ತಲೇ ಇರುತ್ತವೆ. ಆದರೆ ಎಲ್ಲ ಶಬ್ದಗಳೂ ಗಮನವನ್ನು ಒಂದೇ ರೀತಿಯಲ್ಲಿ ಸೆಳೆಯುವುದಿಲ್ಲ. ತಿರುಗುವ ಫ್ಯಾನಿನ ಸದ್ದನ್ನು ಕೆಲವೇ ನಿಮಿಷಗಳಲ್ಲಿ ಮರೆಯುವ ವಿದ್ಯಾರ್ಥಿಯು, ಅದಕ್ಕಿಂತ ಮೆಲ್ಲಗಿನ ಅಪರಿಚಿತ ಸಪ್ಪಳಕ್ಕೆ ತಟ್ಟನೆ ತಲೆಯೆತ್ತುತ್ತಾನೆ.

ಹೊಸ ಪ್ರಚೋದನೆಯ ಕಡೆಗೆ ಹೀಗೆ ತಾನಾಗಿಯೇ ತಿರುಗುವ ಕ್ರಿಯೆಯನ್ನು ರಷ್ಯದ ಶರೀರಕ್ರಿಯಾ ವಿಜ್ಞಾನಿ ಇವಾನ್ ಪಾವ್‌ಲೋವ್ ಅವರು 'ಇದೇನು?' ಎಂಬ ಪ್ರತಿಕ್ರಿಯೆಯೆಂದು ವರ್ಣಿಸಿದರು. ಅಪಾಯವನ್ನು ಮುಂಚಿತವಾಗಿ ಅರಿಯಲು ಇದು ಜೀವಿಗಳಿಗೆ ನೆರವಾಗುತ್ತದೆ. ಅದೇ ಶಬ್ದವು ಪುನರಾವರ್ತನೆಯಾದಂತೆ ಈ ಪ್ರತಿಕ್ರಿಯೆ ಕುಗ್ಗುತ್ತದೆ. ಶಬ್ದವು ಬದಲಾದೊಡನೆ ಮರಳಿ ಎಚ್ಚರಗೊಳ್ಳುತ್ತದೆ. ಒಂದೇ ಬಗೆಯ ಶಬ್ದಗಳ ಸಾಲಿನಲ್ಲಿ ಬೇರೊಂದು ಶಬ್ದ ಬಂದಾಗ, ಕೇಳುಗನು ಅದಕ್ಕೆ ಗಮನ ಕೊಡದಿದ್ದರೂ, ಮಿದುಳಿನ ವಿದ್ಯುತ್ ಚಟುವಟಿಕೆಯು ಸುಮಾರು ಕಾಲು ಸೆಕೆಂಡಿನೊಳಗೆ ವ್ಯತ್ಯಾಸಗೊಳ್ಳುವುದನ್ನು ಫಿನ್‌ಲೆಂಡಿನ ಮನೋವಿಜ್ಞಾನಿ ರಿಸ್ಟೊ ನ್ಯಾಟನೆನ್ ಮತ್ತು ಅವರ ಸಹೋದ್ಯೋಗಿಗಳು 1978ರಲ್ಲಿ ಪ್ರಕಟಿಸಿದರು.

ಈ ಎಚ್ಚರಕ್ಕೆ ಬೆಲೆ ತೆರಬೇಕಾಗುತ್ತದೆ. ಪರದೆಯ ಮೇಲಿನ ಅಂಕಿಯು ಸಮವೋ ಬೆಸವೋ ಎಂದು ಹೇಳುವಂತಹ ಸರಳ ಪ್ರಯೋಗಗಳಲ್ಲಿಯೂ, ಅನಿರೀಕ್ಷಿತ ಶಬ್ದದ ನಂತರ ಉತ್ತರವು ಸೆಕೆಂಡಿನ ಕೆಲವು ನೂರನೇ ಭಾಗಗಳಷ್ಟು ತಡವಾಗುತ್ತದೆ. ಗಮನವು ಶಬ್ದದತ್ತ ಹೋಗಿ, ಕೆಲಸಕ್ಕೆ ಹಿಂದಿರುಗಬೇಕಾಗುವುದೇ ಇದಕ್ಕೆ ಕಾರಣ. ವಾಹನ ಚಲಾಯಿಸುವವರಿಗೆ ಈ ಅಲ್ಪ ವಿಳಂಬವೂ ಗಣನೀಯವಾದುದು.

ಶಬ್ದವು ಪರಿಚಿತವಾದ ಮಾತ್ರಕ್ಕೆ ನಿರುಪದ್ರವಿ ಎನ್ನಲಾಗದು. ಬಿಟ್ಟುಬಿಟ್ಟು ಬರುವ ದೊಡ್ಡ ಸದ್ದು ಪಾಠದ ಎಳೆಯನ್ನು ಮತ್ತೆ ಮತ್ತೆ ಕಡಿಯುತ್ತದೆ. ನ್ಯೂಯಾರ್ಕ್ ನಗರದಲ್ಲಿ ಎತ್ತರಿಸಿದ ರೈಲುಮಾರ್ಗದ ಪಕ್ಕದ ಶಾಲೆಯೊಂದರ ಅಧ್ಯಯನವು 1975ರಲ್ಲಿ ಪ್ರಕಟವಾಯಿತು. ರೈಲು ಹಾದುಹೋಗುವಾಗಲೆಲ್ಲ ಬೋಧನೆ ನಿಲ್ಲುತ್ತಿತ್ತು. ಹಳಿಯ ಕಡೆಯ ಕೊಠಡಿಗಳಲ್ಲಿ ಕಲಿತ ಆರನೆಯ ತರಗತಿಯ ಮಕ್ಕಳು, ಅದೇ ಶಾಲೆಯ ನಿಶ್ಶಬ್ದ ಬದಿಯ ಮಕ್ಕಳಿಗಿಂತ ಓದಿನಲ್ಲಿ ಸುಮಾರು ಒಂದು ವರ್ಷದಷ್ಟು ಹಿಂದಿದ್ದರು. ತರುವಾಯ ಹಳಿಗಳಿಗೆ ರಬ್ಬರಿನ ಪದರವನ್ನೂ, ಕೊಠಡಿಗಳಿಗೆ ಶಬ್ದ ಹೀರುವ ಒಳಮಾಳಿಗೆಯನ್ನೂ ಅಳವಡಿಸಲಾಯಿತು. 1981ರಲ್ಲಿ ಪ್ರಕಟವಾದ ಮರು ಅಧ್ಯಯನದಲ್ಲಿ ಎರಡೂ ಬದಿಯ ಮಕ್ಕಳ ನಡುವೆ ಅಂತರ ಉಳಿದಿರಲಿಲ್ಲ. ಕೊರತೆಯಿದ್ದುದು ಮಕ್ಕಳಲ್ಲಲ್ಲ, ಪರಿಸರದಲ್ಲಿ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಭಾರತದಲ್ಲಿ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಆಸ್ಪತ್ರೆ, ಶಿಕ್ಷಣ ಸಂಸ್ಥೆ ಹಾಗೂ ನ್ಯಾಯಾಲಯಗಳ ಸುತ್ತ ಕನಿಷ್ಠ 100 ಮೀಟರುಗಳ ಪ್ರದೇಶವನ್ನು ನಿಶ್ಶಬ್ದ ವಲಯವೆಂದು ಘೋಷಿಸಬಹುದು. ಅಲ್ಲಿ ಶಬ್ದದ ಮಿತಿಯು ಹಗಲು 50 ಡೆಸಿಬಲ್, ರಾತ್ರಿ 40 ಡೆಸಿಬಲ್.

ಮಹಾನಗರದ ಚಿಕ್ಕ ಮನೆಗಳಲ್ಲಿ ಸಂಪೂರ್ಣ ನಿಶ್ಶಬ್ದವು ದುರ್ಲಭ. ಅದು ಅನಿವಾರ್ಯವೂ ಅಲ್ಲ. ಮಕ್ಕಳು ಓದುವ ವೇಳೆಯಲ್ಲಿ ದೂರವಾಣಿಯ ಗಂಟೆಯನ್ನು ತಗ್ಗಿಸುವುದು, ದೂರದರ್ಶನವನ್ನು ನಿಲ್ಲಿಸುವುದು, ಬೀದಿಯಲ್ಲಿ ಅನವಶ್ಯಕವಾಗಿ ಹಾರನ್ ಬಾರಿಸದಿರುವುದು ಎಲ್ಲರಿಗೂ ಸಾಧ್ಯವಾದ ಕಾರ್ಯಗಳು. ಇವುಗಳಿಗೆ ಖರ್ಚಿಲ್ಲ, ಇವುಗಳಿಂದ ಒಂದು ಮಗುವಿನ ಕಲಿಕೆ ಉಳಿಯುತ್ತದೆ.